ಮಿಡಿ ಉಪ್ಪಿನಕಾಯಿಯ ಮೇಲೆ ಬಿಳಿ ಕೆನೆ: ಉಪ್ಪು ಎಷ್ಟು ಬೇಕು, ಏಕೆ ಬೇಕು

ಪ್ರಶ್ನೆ: ನಮ್ಮ ಮೂಲ ಊರು ಸಾಗರದ ಹತ್ತಿರ, ಈಗ ಬೆಂಗಳೂರಿನಲ್ಲಿದ್ದೇವೆ. ಮಾರ್ಚ್‌ನಲ್ಲಿ ಊರಿನಿಂದ ಎರಡು ಕಿಲೋ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ತರಿಸಿ, ತೊಳೆದು, ಒರೆಸಿ, ದೊಡ್ಡ ಜಾಡಿಯಲ್ಲಿ ಉಪ್ಪಿನೊಂದಿಗೆ ಪದರ ಪದರವಾಗಿ ಹಾಕಿದೆ. ಮನೆಯಲ್ಲಿ ಎರಡು ಕಿಲೋ ಮಿಡಿಗೆ ಅರ್ಧ ಕಿಲೋ ಹರಳುಪ್ಪು ಹಾಕುವುದು ವಾಡಿಕೆ. ಮಾವನವರಿಗೆ ರಕ್ತದೊತ್ತಡ ಇರುವುದರಿಂದ ನಾನು ಪೊಟ್ಟಣದ ಪುಡಿ ಉಪ್ಪನ್ನು ಕಾಲು ಕಿಲೋ ಮಾತ್ರ ಹಾಕಿದೆ. ವಾರ ಕಳೆದರೂ ಮಿಡಿ ಮುಳುಗುವಷ್ಟು ನೀರು ಬಿಡಲಿಲ್ಲವೆಂದು ಕುದಿಸಿ ಆರಿಸಿದ ಒಂದು ಲೀಟರ್ ನೀರು ಸೇರಿಸಿದೆ. ಮೂರು ವಾರಕ್ಕೆ ಮೇಲೆ ಬಿಳಿಯ ಕೆನೆ ಕಟ್ಟಿದೆ, ನೀರು ಕದಡಿದೆ, ಕೆಲವು ಮಿಡಿ ಮೆತ್ತಗಾಗಿವೆ. ಮಗಳು ಮುಟ್ಟಾದಾಗ ಜಾಡಿ ಮುಟ್ಟಿದ್ದೇ ಕಾರಣ ಎಂದು ಅತ್ತೆ ಹೇಳುತ್ತಾರೆ, ಅಯೋಡಿನ್ ಉಪ್ಪು ಕಾರಣ ಎಂದು ಪಕ್ಕದ ಮನೆಯವರು ಹೇಳುತ್ತಾರೆ, ಮೇಲೆ ಎಣ್ಣೆ ಸುರಿದರೆ ಸರಿಹೋಗುತ್ತದೆ ಎಂದು ಇನ್ನೊಬ್ಬರ ಸಲಹೆ. ಇದು ವಿಷವಾಗಿದೆಯೇ? ಉಳಿಸಿಕೊಳ್ಳಬಹುದೇ? ಕಡಿಮೆ ಉಪ್ಪಿನಲ್ಲಿ ಮಿಡಿ ಹಾಕಲು ದಾರಿಯೇ ಇಲ್ಲವೇ? ಕಳಲೆಯನ್ನೂ ಹೀಗೆಯೇ ಉಪ್ಪುನೀರಿನಲ್ಲಿ ಹಾಕಬಹುದೇ?

ಉತ್ತರ: ನೀವು ಅಳತೆಗಳನ್ನೂ ನಡೆದ ಕ್ರಮವನ್ನೂ ಬಿಡಿಸಿ ಬರೆದಿರುವುದರಿಂದ ಉತ್ತರ ಹೇಳುವುದು ಸುಲಭವಾಗಿದೆ. ನಿಮ್ಮ ಆತಂಕದಲ್ಲಿ ಎರಡು ಸಂಗತಿಗಳು ಬೆರೆತಿವೆ. ಒಂದು, ಈಗ ಜಾಡಿಯಲ್ಲಿರುವುದನ್ನು ತಿನ್ನಬಹುದೇ ಎಂಬ ತಕ್ಷಣದ ಪ್ರಶ್ನೆ. ಇನ್ನೊಂದು, ಹಿರಿಯರ ಆರೋಗ್ಯಕ್ಕಾಗಿ ಉಪ್ಪು ಇಳಿಸಬೇಕೆಂಬ ನ್ಯಾಯವಾದ ಆಸೆ. ಎರಡಕ್ಕೂ ಪರಿಹಾರವಿದೆ, ಆದರೆ ಎರಡನೆಯದಕ್ಕೆ ನೀವು ಆರಿಸಿಕೊಂಡ ದಾರಿಯೇ ಮೊದಲನೆಯದಕ್ಕೆ ಕಾರಣವಾಗಿದೆ.

ಎಲ್ಲಕ್ಕಿಂತ ಮೊದಲು ನಿಮ್ಮ ಮಗಳ ಮೇಲೆ ಬಂದಿರುವ ಮಾತನ್ನು ತೆಗೆದುಹಾಕಬೇಕು. ಮುಟ್ಟಿಗೂ ಉಪ್ಪಿನಕಾಯಿ ಕೆಡುವುದಕ್ಕೂ ಯಾವ ಸಂಬಂಧವೂ ಇಲ್ಲ. ಜಾಡಿಯನ್ನು ಕೆಡಿಸುವುದು ಕೈಯ ಪಸೆ, ಒದ್ದೆ ಸೌಟು, ಒಳಗೆ ಸೇರುವ ಗಾಳಿ ಮತ್ತು ಉಪ್ಪಿನ ಕೊರತೆ. ಕೈ ಯಾರದ್ದಾದರೂ, ದಿನ ಯಾವುದಾದರೂ, ಫಲ ಒಂದೇ. ಒಣಗಿದ ಕೈಯಲ್ಲಿ ಒಣಗಿದ ಸೌಟು ಹಿಡಿದು ಮಿಡಿ ತೆಗೆದ ಹುಡುಗಿಯಿಂದ ಜಾಡಿಗೆ ಯಾವ ಕೇಡೂ ಆಗುವುದಿಲ್ಲ. ನಿಮ್ಮ ಅತ್ತೆಯವರ ಉಳಿದ ಕಟ್ಟುನಿಟ್ಟುಗಳು, ಅಂದರೆ ಮಿಡಿ ಪೂರ್ತಿ ಒಣಗಬೇಕು, ಜಾಡಿಯ ಬಾಯಿಗೆ ಬಟ್ಟೆ ಕಟ್ಟಬೇಕು, ಪದೇ ಪದೇ ತೆರೆಯಬಾರದು ಎಂಬುವೆಲ್ಲ, ಅನುಭವದಿಂದ ಬಂದ ಸರಿಯಾದ ನಿಯಮಗಳು. ಅವನ್ನು ಗೌರವದಿಂದ ಪಾಲಿಸಿ. ಈ ಒಂದನ್ನು ಮಾತ್ರ ಮನೆಯಿಂದ ಹೊರಗೆ ಹಾಕಿ. ತಪ್ಪೇ ಮಾಡದ ಮಗುವಿನ ಮನಸ್ಸಿಗೆ ಇದರಿಂದ ಆಗುವ ನೋವು ಒಂದು ಜಾಡಿ ಮಿಡಿಯ ನಷ್ಟಕ್ಕಿಂತ ಬಹಳ ದೊಡ್ಡದು.

ಅಯೋಡಿನ್ ವಿಷಯವೂ ಹೆಚ್ಚು ಕಡಿಮೆ ಹೀಗೆಯೇ. ಉಪ್ಪಿಗೆ ಸೇರಿಸುವ ಅಯೋಡಿನ್ ಹತ್ತು ಲಕ್ಷದಲ್ಲಿ ಕೆಲವು ಹತ್ತು ಭಾಗಗಳಷ್ಟು ಮಾತ್ರ. ಅಷ್ಟರಿಂದ ಉಪ್ಪಿನಕಾಯಿ ಕೆಡುವುದಿಲ್ಲ, ಮೆತ್ತಗಾಗುವುದೂ ಇಲ್ಲ. ಪುಡಿ ಉಪ್ಪು ಗಂಟು ಕಟ್ಟದಂತೆ ಬೆರೆಸುವ ಪದಾರ್ಥ ನೀರಿನಲ್ಲಿ ಪೂರ್ತಿ ಕರಗದೆ ಉಪ್ಪುನೀರನ್ನು ಸ್ವಲ್ಪ ಕದಡುತ್ತದೆ. ನಿಮ್ಮ ಜಾಡಿಯ ಕದಡಿನಲ್ಲಿ ಒಂದು ಪಾಲು ಅದರದ್ದಿರಬಹುದು, ಅದರಿಂದ ಅಪಾಯವಿಲ್ಲ. ಆದರೂ ನಾನು ಹರಳುಪ್ಪನ್ನೇ ಹೇಳುವುದು ಬೇರೆ ಕಾರಣಕ್ಕೆ: ಹರಳು ನಿಧಾನವಾಗಿ ಕರಗುತ್ತದೆ, ಪದರಗಳ ನಡುವೆ ಉಳಿದು ಕ್ರಮೇಣ ನೀರೆಳೆಯುತ್ತದೆ, ಪುಡಿ ಉಪ್ಪು ಬೇಗ ಕರಗಿ ತಳಕ್ಕೆ ಇಳಿದು ಮೇಲಿನ ಮಿಡಿಗಳನ್ನು ಹಾಗೆಯೇ ಬಿಡುತ್ತದೆ. ಇನ್ನೊಂದು ಮಾತು, ಒಂದೇ ಪಾವು ಅಥವಾ ಒಂದೇ ಲೋಟದಲ್ಲಿ ಅಳೆದಾಗ ಹರಳುಪ್ಪು ಮತ್ತು ಪುಡಿ ಉಪ್ಪಿನ ತೂಕ ಒಂದೇ ಇರುವುದಿಲ್ಲ. ಊರಿನಲ್ಲಿ ಅಜ್ಜಿ ಒಂದೇ ಸೇರಿನಿಂದ ಮಿಡಿಯನ್ನೂ ಉಪ್ಪನ್ನೂ ಅಳೆಯುತ್ತಿದ್ದುದರಿಂದ ಪ್ರಮಾಣ ತಪ್ಪುತ್ತಿರಲಿಲ್ಲ. ಆ ಅಳತೆಯನ್ನು ನಗರದ ಕಪ್ಪಿಗೆ ಇಳಿಸುವಾಗ ತಪ್ಪು ನುಸುಳುತ್ತದೆ. ನೀವು ತೂಗಿ ಹಾಕಿರುವುದು ಒಳ್ಳೆಯದಾಯಿತು, ಅದರಿಂದಲೇ ಈಗ ಲೆಕ್ಕ ಹಾಕಲು ಸಾಧ್ಯವಾಗಿದೆ.

ಆ ಲೆಕ್ಕವೇ ಇಡೀ ವಿಷಯದ ತಿರುಳು. ಎಳೆಯ ಮಿಡಿಯ ತೂಕದಲ್ಲಿ ಹೆಚ್ಚುಕಡಿಮೆ ಶೇ 85ರಿಂದ 90ರಷ್ಟು ನೀರೇ ಇರುತ್ತದೆ. ನಿಮ್ಮ ಎರಡು ಕಿಲೋ ಮಿಡಿಯಲ್ಲಿ ಸುಮಾರು 1,750 ಗ್ರಾಂ ನೀರು ಎಂದಿಟ್ಟುಕೊಳ್ಳೋಣ. ವಾಡಿಕೆಯಂತೆ 500 ಗ್ರಾಂ ಉಪ್ಪು ಹಾಕಿದ್ದರೆ, ಮಿಡಿಯ ಒಳಗೂ ಹೊರಗೂ ಉಪ್ಪು ಸಮನಾಗಿ ಹರಡಿದ ಮೇಲೆ ಆ ದ್ರಾವಣದಲ್ಲಿ ಶೇ 22ರಷ್ಟು ಉಪ್ಪು ಇರುತ್ತಿತ್ತು. ನೀರಿನಲ್ಲಿ ಉಪ್ಪು ಕರಗುವ ಗರಿಷ್ಠ ಮಿತಿಯೇ ಶೇ 26ರ ಆಸುಪಾಸು ಎಂದರೆ, ಮಲೆನಾಡಿನ ಹಿರಿಯರು ಎಷ್ಟು ಗಟ್ಟಿ ನೆಲದ ಮೇಲೆ ನಿಂತಿದ್ದರು ಎಂಬುದು ತಿಳಿಯುತ್ತದೆ. ನೀವು ಉಪ್ಪನ್ನು 250 ಗ್ರಾಂಗೆ ಇಳಿಸಿದಾಗ ಅದು ಶೇ 12.5ಕ್ಕೆ ಬಂತು. ಅಲ್ಲಿಗೇ ನಿಂತಿದ್ದರೂ ಮಿಡಿಯ ಹುಳಿಯ ಬೆಂಬಲದಿಂದ ಜಾಡಿ ಒಂದಷ್ಟು ಕಾಲ ಬಾಳುತ್ತಿತ್ತು. ಮಾರುಕಟ್ಟೆಗೆ ಬರುವ ಉಪ್ಪುನೀರಿನ ಉಪ್ಪಿನಕಾಯಿಗೆ ನಮ್ಮ ಆಹಾರ ಸುರಕ್ಷತಾ ನಿಯಮ ಇಟ್ಟಿರುವ ಕನಿಷ್ಠ ಮಿತಿಯೂ ಶೇ 12. ಆದರೆ ಮೇಲಿಂದ ಸುರಿದ ಒಂದು ಲೀಟರ್ ನೀರು ಅದನ್ನು ಶೇ 8ರ ಹತ್ತಿರಕ್ಕೆ ಎಳೆದುಬಿಟ್ಟಿತು. ಕುದಿಸಿ ಆರಿಸಿದ ನೀರು ಶುದ್ಧವಾಗಿತ್ತು, ಅದರಲ್ಲಿ ಸಂದೇಹವಿಲ್ಲ. ತೊಂದರೆ ಆ ನೀರಿನ ಶುದ್ಧಿಯಲ್ಲಿರಲಿಲ್ಲ, ಅದರಲ್ಲಿ ಉಪ್ಪಿಲ್ಲದಿರುವುದರಲ್ಲಿತ್ತು.

ಉಪ್ಪು ಮಿಡಿಯಿಂದ ನೀರನ್ನು ಹೊರಗೆಳೆಯುತ್ತದೆ, ಮಿಡಿ ಮುರುಟುತ್ತದೆ, ಹೊರಬಂದ ನೀರಿನಲ್ಲಿ ಉಪ್ಪು ಕರಗಿ ಮಿಡಿಯನ್ನು ಮುಳುಗಿಸುತ್ತದೆ. ಅದೇ ಉಪ್ಪು ಸೂಕ್ಷ್ಮಜೀವಿಗಳಿಗೆ ಬೇಕಾದ ನೀರನ್ನೂ ಅವುಗಳ ಕೈಗೆ ಸಿಗದಂತೆ ಹಿಡಿದಿಡುತ್ತದೆ. ಇದರ ಜೊತೆಗೆ ಮಿಡಿಯ ಹುಳಿ, ಮತ್ತು ಅಪ್ಪೆಮಿಡಿಗೆ ವಿಶೇಷವಾದ ಸೊನೆ. ಮಾವಿನ ಸೊನೆಯಲ್ಲಿ ಮಿರ್ಸೀನ್, ಒಸಿಮೀನ್, ಲಿಮೊನೀನ್‌ನಂಥ ಸುಗಂಧ ತೈಲಗಳಿವೆ. ಜೀರಿಗೆ ಮಿಡಿ, ಕರ್ಣಕುಂಡಲ, ಅನಂತಭಟ್ಟನ ಅಪ್ಪೆ ಎಂಬ ಅಪ್ಪೆಮಿಡಿಯ ತಳಿಗಳಿಗೆ ಬೇರೆ ಬೇರೆ ಪರಿಮಳ ಬರುವುದು ಇಂಥ ಘಟಕಗಳ ಪ್ರಮಾಣದ ವ್ಯತ್ಯಾಸದಿಂದ. ಇವು ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತವೆ. ತೊಟ್ಟು ಕಳಚಿದ ಮಿಡಿಯಲ್ಲಿ ಸೊನೆ ಸೋರಿಹೋಗಿರುತ್ತದೆ, ಮೇಲಾಗಿ ಒಳಹೋಗಲು ಒಂದು ಬಾಗಿಲು ತೆರೆದಿರುತ್ತದೆ. ತಿಳಿದವರು ತೊಟ್ಟು ಸಹಿತ ಕೊಯ್ದ ಮಿಡಿಯನ್ನೇ ಕೇಳುವುದು ಇದಕ್ಕಾಗಿ. ಮರ ಹತ್ತಿ ಕೊಯ್ದು ಬುಟ್ಟಿಯಲ್ಲಿ ಇಳಿಸಿದ ಮಿಡಿಗೂ ಕೊಂಬೆ ಅಲುಗಿಸಿ ನೆಲಕ್ಕೆ ಕೆಡವಿದ ಮಿಡಿಗೂ ಸಂತೆಯಲ್ಲಿ ನೋಡಲು ವ್ಯತ್ಯಾಸ ಕಾಣದೆ ಇರಬಹುದು, ಜಾಡಿಯಲ್ಲಿ ತಿಂಗಳೊಳಗೆ ಕಾಣುತ್ತದೆ. ಆತುರಕ್ಕೆ ಕೊಂಬೆಯನ್ನೇ ಕಡಿದು ಮಿಡಿ ಇಳಿಸುವವರೂ ಇದ್ದಾರೆ. ಅಘನಾಶಿನಿ, ಶರಾವತಿ, ವರದೆಯ ದಂಡೆಗಳ ಹಳೆಯ ಅಪ್ಪೆ ಮರಗಳು ಹೀಗೆ ನಾಶವಾಗುವುದು ತುಂಬಲಾರದ ನಷ್ಟ. ಎಚ್ಚರದಿಂದ ಕೊಯ್ದು ತರುವವರಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ಮರಕ್ಕೂ ಒಳ್ಳೆಯದು, ನಿಮ್ಮ ಜಾಡಿಗೂ ಒಳ್ಳೆಯದು.

ಈಗ ಆ ಬಿಳಿ ಕೆನೆ. ತೆಳ್ಳಗೆ, ನಯವಾಗಿ, ಸುಕ್ಕುಗಟ್ಟಿದ ಹಾಲಿನ ಕೆನೆಯ ಹಾಗೆ ನೀರಿನ ಮೇಲೆ ಹಾಸಿಕೊಂಡಿದ್ದರೆ ಅದು ಯೀಸ್ಟ್. ಇವುಗಳಲ್ಲಿ ಕೆಲವು ಶೇ 15ಕ್ಕೂ ಮೀರಿದ ಉಪ್ಪಿನಲ್ಲಿ ಬದುಕಬಲ್ಲವು, ಆದರೆ ಗಾಳಿಯಿಲ್ಲದೆ ಮೇಲ್ಮೈಯಲ್ಲಿ ಹರಡಲಾರವು. ದೊಡ್ಡ ಜಾಡಿಯಲ್ಲಿ ಎರಡೇ ಕಿಲೋ ಮಿಡಿ ಹಾಕಿದ್ದರಿಂದ ಮೇಲೆ ಬಹಳಷ್ಟು ಗಾಳಿ ಉಳಿಯಿತು, ನೀವು ತೂಕವಿಟ್ಟ ಬಗ್ಗೆ ಬರೆದಿಲ್ಲವಾದ್ದರಿಂದ ಕೆಲವು ಮಿಡಿ ತೇಲುತ್ತಲೂ ಇದ್ದಿರಬೇಕು. ಈ ಯೀಸ್ಟ್ ತಾನಾಗಿ ವಿಷವಲ್ಲ. ಆದರೆ ಅದನ್ನು ಹಾಗೆಯೇ ಬಿಡಬಾರದು, ಏಕೆಂದರೆ ಅದು ಉಪ್ಪುನೀರಿನ ಹುಳಿಯನ್ನೇ ತಿಂದು ಬದುಕುತ್ತದೆ. ಹುಳಿ ಇಳಿದಂತೆ, ಅದುವರೆಗೆ ಹೆದರಿ ದೂರವಿದ್ದ ಬೇರೆ ಜೀವಿಗಳಿಗೆ ದಾರಿಯಾಗುತ್ತದೆ. ಎಣ್ಣೆ ಸುರಿಯಬೇಡಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಎಣ್ಣೆ ಗಾಳಿಯನ್ನು ತಡೆದು ಕೆನೆಯನ್ನು ಕಣ್ಣಿಂದ ಮರೆಮಾಡುತ್ತದೆ, ಆದರೆ ಹುಳಿ ಕುಂದಿದ, ಉಪ್ಪು ಕಡಿಮೆಯಾದ ನೀರನ್ನು ಗಾಳಿಯಿಲ್ಲದ ಸ್ಥಿತಿಗೆ ತಳ್ಳುತ್ತದೆ. ಬಾಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆಯನ್ನು ತರುವ ಬ್ಯಾಕ್ಟೀರಿಯಾ ಬಯಸುವುದು ಗಾಳಿಯಿಲ್ಲದ ಜಾಗವನ್ನೇ. ಮಾವಿನ ಮಿಡಿಯಲ್ಲಿ ಅದರ ಅಪಾಯ ಬಹಳ ಕಡಿಮೆ, ಏಕೆಂದರೆ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗೆ ಅದು ಬೆಳೆಯುವುದಿಲ್ಲ, ಮಿಡಿಯ ಸಹಜ ಹುಳಿ ಅದಕ್ಕಿಂತ ಎಷ್ಟೋ ತೀಕ್ಷ್ಣ. ಆ ರಕ್ಷಣೆಯನ್ನು ನಾವಾಗಿ ಕಳೆದುಕೊಳ್ಳಬಾರದು, ಅಷ್ಟೆ.

ಮಿಡಿ ಮೆತ್ತಗಾಗುವುದು ಬೇರೆಯೇ ಕಥೆ. ಕಾಯಿಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಪೆಕ್ಟಿನ್. ಯೀಸ್ಟ್ ಮತ್ತು ಬೂಷ್ಟು ಉತ್ಪಾದಿಸುವ ಕಿಣ್ವಗಳೂ, ಪೆಟ್ಟು ಬಿದ್ದ ಕಾಯಿಯೊಳಗಿನ ಕಿಣ್ವಗಳೂ ಈ ಪೆಕ್ಟಿನ್ನನ್ನು ಕರಗಿಸುತ್ತವೆ. ಉಪ್ಪು ಸಾಕಷ್ಟಿದ್ದರೆ ಅವುಗಳ ಕೆಲಸ ನಿಧಾನವಾಗುತ್ತದೆ, ಸೆಕೆ ಹೆಚ್ಚಿದ್ದರೆ ಚುರುಕಾಗುತ್ತದೆ; ಏಪ್ರಿಲ್ ತಿಂಗಳಲ್ಲಿ ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟ ಜಾಡಿ ಬೇಗ ಸೋಲುತ್ತದೆ. ಒಮ್ಮೆ ಮೆತ್ತಗಾದ ಮಿಡಿಯನ್ನು ಮತ್ತೆ ಗರಿಯಾಗಿಸುವ ಉಪಾಯ ಯಾವುದೂ ಇಲ್ಲ.

ನಿಮ್ಮ ಜಾಡಿಯನ್ನು ಉಳಿಸಬಹುದೇ ಎಂಬುದನ್ನು ನೀವೇ ನೋಡಿ ತೀರ್ಮಾನಿಸಬೇಕು. ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣದ, ನಾರುನಾರಾದ ಅಥವಾ ತುಪ್ಪಳದಂಥ ಬೂಷ್ಟು ಕಂಡರೆ, ಕೊಳೆತ ವಾಸನೆ ಬಂದರೆ, ನೀರು ಲೋಳೆಯಾಗಿ ಎಳೆ ಬಂದರೆ, ಅಥವಾ ಅರ್ಧದಷ್ಟು ಮಿಡಿ ಮೆತ್ತಗಾಗಿದ್ದರೆ ಮರುಯೋಚನೆ ಬೇಡ, ಚೆಲ್ಲಿಬಿಡಿ. ಬೂಷ್ಟಿನ ಬೇರುಗಳು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತವೆ, ಕೆಲವು ಬೂಷ್ಟುಗಳ ವಿಷ ಕುದಿಸಿದರೂ ಹೋಗುವುದಿಲ್ಲ. ಹಣ ಕೊಟ್ಟು ಊರಿನಿಂದ ತರಿಸಿದ್ದನ್ನು ಎಸೆಯುವ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಇದರಲ್ಲಿ ರಾಜಿ ಮಾಡಿಕೊಳ್ಳಲಾಗದು. ಬರೀ ಬಿಳಿ ಕೆನೆ ಇದ್ದು, ವಾಸನೆ ಹುಳಿಯಾಗಿ ಶುದ್ಧವಾಗಿದ್ದು, ಹೆಚ್ಚಿನ ಮಿಡಿ ಗಟ್ಟಿಯಾಗಿದ್ದರೆ ಮುಂದುವರಿಯಬಹುದು. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ಪಿಎಚ್ ನೋಡುವ ಕಾಗದದ ಪಟ್ಟಿಗಳು ದೊರೆಯುತ್ತವೆ. ಉಪ್ಪುನೀರಿನ ಪಿಎಚ್ 4ಕ್ಕಿಂತ ಮೇಲಿದ್ದರೆ ಉಳಿಸಲು ಹೋಗಬೇಡಿ.

ಉಳಿಸುವ ಕ್ರಮ ಹೀಗೆ. ಒಣ ಸೌಟಿನಿಂದ ಕೆನೆಯನ್ನು ಪೂರ್ತಿ ತೆಗೆಯಿರಿ. ಮಿಡಿಗಳನ್ನು ಹೊರತೆಗೆದು ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿರುವುದನ್ನೆಲ್ಲ ಬಿಸಾಡಿ. ಉಪ್ಪುನೀರನ್ನು ಬಟ್ಟೆಯಲ್ಲಿ ಸೋಸಿ, ಅದಕ್ಕೆ 350 ಗ್ರಾಂ ಉಪ್ಪು ಸೇರಿಸಿ, ಸ್ಟೀಲ್ ಪಾತ್ರೆಯಲ್ಲಿ ಐದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ರಾತ್ರಿಯೆಲ್ಲ ಆರಲು ಬಿಡಿ. ಇದರಿಂದ ಒಟ್ಟು ಪ್ರಮಾಣ ಶೇ 18ರ ಹತ್ತಿರ ಬರುತ್ತದೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ಪಾತ್ರೆ ಖಂಡಿತ ಬೇಡ. ಹುಳಿ ಮತ್ತು ಉಪ್ಪು ಅವುಗಳ ಲೋಹವನ್ನು ಕರಗಿಸಿಕೊಳ್ಳುತ್ತವೆ. ಉಳಿದ ಮಿಡಿಗಳನ್ನು ಬೇರೆಯಾಗಿ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು, ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ ಚಿಕ್ಕ ಭರಣಿಗೆ ತುಂಬಿ. ಭರಣಿ ಕುತ್ತಿಗೆಯವರೆಗೆ ತುಂಬಬೇಕು. ಪೂರ್ತಿ ಆರಿದ ನೀರನ್ನೇ ಸುರಿಯಿರಿ, ಬೆಚ್ಚಗಿದ್ದರೂ ಮಿಡಿ ಬೆಂದು ಮೆತ್ತಗಾಗುತ್ತದೆ. ಮೇಲೆ ಪಿಂಗಾಣಿಯ ಅಥವಾ ಗಾಜಿನ ಚಿಕ್ಕ ತಟ್ಟೆಯನ್ನು ಕವುಚಿ, ಒಂದು ಮಿಡಿಯೂ ನೀರಿನ ಮೇಲೆ ಕಾಣದಂತೆ ಒತ್ತಿಡಿ. ಎರಡು ವಾರ ಗಮನಿಸಿ. ಮತ್ತೆ ಕೆನೆ ಕಟ್ಟಿದರೆ ಅಥವಾ ಮತ್ತಷ್ಟು ಮಿಡಿ ಮೆತ್ತಗಾದರೆ ಎರಡನೆಯ ಸಲ ಪ್ರಯತ್ನಿಸಬೇಡಿ. ಹೀಗೆ ಉಳಿಸಿದ್ದನ್ನು ಬೇಗ ಖಾರ ಬೆರೆಸಿ ಫ್ರಿಜ್‌ನಲ್ಲಿಟ್ಟು ಬಳಸಿ ಮುಗಿಸುವುದು ಮೇಲು, ವರ್ಷಕ್ಕಿಡುವ ಮಾಲು ಇದಲ್ಲ. ಮನೆಯಲ್ಲಿ ಗರ್ಭಿಣಿಯರು, ಪುಟ್ಟ ಮಕ್ಕಳು ಅಥವಾ ರೋಗನಿರೋಧಕ ಶಕ್ತಿ ಕುಂದಿದವರು ಇದ್ದರೆ ಅವರಿಗೆ ಇದನ್ನು ಬಡಿಸಬೇಡಿ.

ಮಾವನವರ ರಕ್ತದೊತ್ತಡದ ಮಾತಿಗೆ ಬರೋಣ, ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದೇ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಶೇ 18ರ ಉಪ್ಪುನೀರಿನಲ್ಲಿ ನೆನೆದ, 15 ಗ್ರಾಂ ತೂಗುವ ಒಂದು ಮಿಡಿಯಲ್ಲಿ ಎರಡು ಗ್ರಾಂಗೂ ಹೆಚ್ಚು ಉಪ್ಪಿರುತ್ತದೆ. ಜಾಡಿಯ ಉಪ್ಪನ್ನು ಅರ್ಧಕ್ಕಿಳಿಸಿದರೂ ಒಂದು ಮಿಡಿಯಲ್ಲಿ ಒಂದು ಗ್ರಾಂಗಿಂತ ಮೇಲೆಯೇ ಉಳಿಯುತ್ತದೆ. ಅಂದರೆ ಇಡೀ ಜಾಡಿಯನ್ನು ಅಪಾಯಕ್ಕೊಡ್ಡಿ ಗಳಿಸಿದ ಲಾಭವನ್ನು ಅರ್ಧ ಮಿಡಿ ಬಡಿಸುವುದರಿಂದಲೇ ಗಳಿಸಬಹುದು. ಕಡಿಮೆ ಉಪ್ಪು ಬೇಕೆಂದರೆ ಜಾಡಿಯಲ್ಲಿ ಇಳಿಸಬೇಡಿ, ತಟ್ಟೆಯಲ್ಲಿ ಇಳಿಸಿ. ಪೂರ್ತಿ ಉಪ್ಪಿನಲ್ಲಿ ಹಾಕಿದ, ಇನ್ನೂ ಖಾರ ಬೆರೆಸದ ಮಿಡಿಯನ್ನು ಬೇಕಾದಷ್ಟೇ ತೆಗೆದು, ಸೀಳಿ, ಒಂದೆರಡು ಗಂಟೆ ತಣ್ಣೀರಿನಲ್ಲಿ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿದರೆ ಉಪ್ಪು ಗಣನೀಯವಾಗಿ ಇಳಿಯುತ್ತದೆ. ಸೊನೆಯ ಪರಿಮಳವೂ ಸ್ವಲ್ಪ ಹೋಗುತ್ತದೆ ಎಂಬುದು ನಿಜ. ಅದಕ್ಕೆ ಆಗಲೇ ಬೀಸಿದ ಸಾಸಿವೆ, ಬ್ಯಾಡಗಿ ಮೆಣಸು ಬೆರೆಸಿ ಅದೇ ದಿನ ಊಟಕ್ಕೆ ಕೊಡಿ, ಉಳಿದದ್ದನ್ನು ಭರಣಿಗೆ ಹಿಂದಿರುಗಿಸಬೇಡಿ.

ಇನ್ನೊಂದು ದಾರಿ, ಶೇ 5–6ರ ಉಪ್ಪುನೀರಿನಲ್ಲಿ ಅರ್ಧ ಕಿಲೋದಷ್ಟು ಮಿಡಿಯನ್ನು ಗಾಜಿನ ಸೀಸೆಯಲ್ಲಿ ಹಾಕಿ ಮೊದಲ ದಿನದಿಂದಲೇ ಫ್ರಿಜ್‌ನಲ್ಲಿಡುವುದು. ಒಂದು ತಿಂಗಳಲ್ಲಿ ಮುಗಿಸಬೇಕು. ಇದು ನಿಮ್ಮ ಅತ್ತೆಯವರು ಮೆಚ್ಚುವ ಮುರುಟಿದ ಮಿಡಿಯಾಗುವುದಿಲ್ಲ, ಎಳೆಯ ಹಸಿಕಾಯಿಯ ರುಚಿಯ ಬೇರೆಯದೇ ಪದಾರ್ಥವಾಗುತ್ತದೆ. ಕರೆಂಟು ದಿನಗಟ್ಟಲೆ ಹೋಗುವ ಕಡೆ ಇದನ್ನು ನಾನು ಹೇಳುವುದಿಲ್ಲ. ವಿನೆಗರ್ ಸೇರಿಸಿ ಉಪ್ಪು ಇಳಿಸಬಹುದಾದರೂ ಅಪ್ಪೆಯ ಪರಿಮಳ ವಿನೆಗರ್‌ನಲ್ಲಿ ಮುಚ್ಚಿಹೋಗುತ್ತದೆ, ಅಷ್ಟಕ್ಕೆ ಅಪ್ಪೆಮಿಡಿಯೇ ಬೇಕಿಲ್ಲ. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಅದು ಅಪಾಯಕಾರಿಯಾಗಬಹುದು, ವೈದ್ಯರನ್ನು ಕೇಳದೆ ಮಾವನವರಿಗೆ ಅದನ್ನು ಬಳಸಬೇಡಿ.

ಮುಂದಿನ ವರ್ಷ ಮಿಡಿ ಬಂದಾಗ ತೂಕದ ನಾಲ್ಕನೇ ಒಂದು ಭಾಗ ಹರಳುಪ್ಪನ್ನೇ ಹಾಕಿ, ದಿನಕ್ಕೊಮ್ಮೆ ಒಣ ಸೌಟಿನಿಂದ ಮೇಲೆ ಕೆಳಗೆ ಮಾಡಿ ಅಥವಾ ಭರಣಿಯನ್ನೇ ಕುಲುಕಿ. ಹತ್ತು ಹದಿನೈದು ದಿನಗಳಲ್ಲಿ ಮಿಡಿ ಮುರುಟಿ ತಾನೇ ನೀರು ಬಿಡುತ್ತದೆ. ಅಷ್ಟಾದರೂ ಮುಳುಗದಿದ್ದರೆ ಬರೀ ನೀರು ಸುರಿಯಬೇಡಿ. ಒಂದು ಲೀಟರ್ ನೀರಿಗೆ 250 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿ ಅದನ್ನು ಸೇರಿಸಿ.

ಕಳಲೆಗೆ ಈ ಕ್ರಮವನ್ನು ಹಾಗೆಯೇ ಬಳಸಬೇಡಿ. ಎಳೆಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಪದಾರ್ಥವಿದೆ; ನಮ್ಮಲ್ಲಿ ಹೆಚ್ಚಿದ ಕಳಲೆಯನ್ನು ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿ, ಆ ನೀರನ್ನು ಚೆಲ್ಲುವುದು ಅದಕ್ಕಾಗಿ. ಈ ಹಂತವನ್ನು ಬಿಡುವಂತಿಲ್ಲ. ಎರಡನೆಯದಾಗಿ ಕಳಲೆಗೆ ಮಿಡಿಯ ಹುಳಿಯಿಲ್ಲ. ಬೆಳ್ಳುಳ್ಳಿ, ಅಣಬೆಗಳದ್ದೂ ಇದೇ ಸ್ಥಿತಿ. ಉಪ್ಪು ಕಡಿಮೆಯಾಗಿ, ಗಾಳಿಯೂ ಇಲ್ಲದೆ ಕೋಣೆಯ ಉಷ್ಣತೆಯಲ್ಲಿ ಉಳಿದರೆ ಬಾಟುಲಿಸಂ ಇಲ್ಲಿ ನಿಜವಾದ ಅಪಾಯ, ಅದರ ವಿಷ ಬಣ್ಣದಲ್ಲಾಗಲಿ ವಾಸನೆಯಲ್ಲಾಗಲಿ ಗೊತ್ತಾಗದೆ ಇರಬಹುದು. ನೆನೆಸಿ ಬೇಯಿಸಿದ ಕಳಲೆಗೆ ನೀರಿನಷ್ಟೇ ಅಥವಾ ನೀರಿಗಿಂತ ಹೆಚ್ಚು ವಿನೆಗರ್ ಬೆರೆಸಿ, ಕಳಲೆಯ ನೀರನ್ನೂ ಲೆಕ್ಕಕ್ಕೆ ಹಿಡಿದು ಶೇ 12ಕ್ಕೆ ಕಡಿಮೆಯಿಲ್ಲದಷ್ಟು ಉಪ್ಪು ಹಾಕಿ, ಸೀಸೆಯನ್ನು ಫ್ರಿಜ್‌ನಲ್ಲಿಡಿ. ಕೆಲವು ದಿನಗಳ ನಂತರ ಒಂದು ಹೋಳನ್ನು ಜಜ್ಜಿ ಅದರ ರಸಕ್ಕೆ ಪಿಎಚ್ ಪಟ್ಟಿ ತಾಗಿಸಿ ನೋಡಿ; 4ಕ್ಕಿಂತ ಕೆಳಗಿದ್ದರೆ ಬಳಸಿ, ಮೇಲಿದ್ದರೆ ಇನ್ನಷ್ಟು ವಿನೆಗರ್ ಸೇರಿಸಿ ಎರಡು ದಿನ ಬಿಟ್ಟು ಮತ್ತೆ ನೋಡಿ.